ಎರಡನೆಯವಳ ಬಳ್ಳಿ ಜಾರಿದ ಹೊತ್ತು

ಓಣಿಯವರು ಅವಳಿಗೆ ಇಟ್ಟ ಹೆಸರು ಯಾಕಕ್ಕ. ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಅವಳದು. ಮಿಕ್ಸಿಯೋ ನೀರೆತ್ತುವ ಪಂಪೋ, ಯಾವುದೇ ಬರಲಿ, ಮೊದಲು ಮೂಸಿ ನೋಡಿ, "ಇದು ಯಾಕೆ ಸುಟ್ಟಿತು?" ಎಂದು ಕೇಳುವಳು. "ಅಯ್ಯೋ ತಾಯಿ, ತಿರುಗಿದರೆ ಸಾಕು" ಎಂದು ಗಿರಾಕಿ ಗೋಗರೆದರೂ, ಕಾರಣ ಸಿಗುವ ತನಕ ಬಿಡುತ್ತಿರಲಿಲ್ಲ.

ಹೊಟ್ಟೆಯಲ್ಲಿ ಎರಡಿವೆ ಎಂದು ಸ್ಕ್ಯಾನಿಂಗಿನಲ್ಲಿ ಗೊತ್ತಾದ ದಿನ ಅತ್ತೆ ಕಣ್ಣೊರೆಸಿಕೊಂಡರು. ಗಂಡ ಗೋಡೆಗೆ ಒರಗಿ ಪೆದ್ದುಪೆದ್ದಾಗಿ ನಕ್ಕ. ಯಾಕಕ್ಕ ಮಾತ್ರ ಪರದೆಯತ್ತ ಕತ್ತು ಚಾಚಿದಳು. "ಹೊಕ್ಕುಳಬಳ್ಳಿ ಎರಡಕ್ಕೂ ಒಂದೇನಾ?"

"ಬೇರೆ ಬೇರೆ. ಚೀಲಾನೂ ಬೇರೆ" ಎಂದರು ಡಾಕ್ಟರಮ್ಮ. "ಒಂದೇ ಚೀಲದಲ್ಲಿದ್ರೆ ಬಳ್ಳಿಗಳು ಹೆಣೆದುಕೊಂಡು ಗಂಟು ಬೀಳೋ ಭಯ. ನಿಮಗೆ ಆ ಕಾಟ ಇಲ್ಲ."

"ಹಾಗಾದ್ರೆ ನನಗಿರೋದು ಯಾವ ಕಾಟ?"

ಡಾಕ್ಟರಮ್ಮನಿಗೆ ನಗು ಬಂತು. ಆದರೂ ಬಿಡಿಸಿ ಹೇಳಿದರು. ಮೊದಲನೆಯದು ಹೊರಬಿದ್ದ ಮೇಲೆ ಎರಡನೆಯದಕ್ಕೆ ಜಾಗ ಸಿಗುತ್ತದೆ, ಹೊರಳಾಡುತ್ತದೆ. ಅದರ ತಲೆ ಕೆಳಗೆ ಬಂದು ಕೂರುವ ಮೊದಲೇ ನೀರೊಡೆದರೆ ಬಳ್ಳಿ ಮುಂದಕ್ಕೆ ಜಾರಬಹುದು. ತಲೆ ಅದನ್ನು ಅಮುಕಿದರೆ ಮಗುವಿಗೆ ಹೋಗುವ ರಕ್ತ ನಿಲ್ಲುತ್ತದೆ. "ಅಪರೂಪ. ಆದ್ರೂ ಹೆರಿಗೆ ಇಲ್ಲೇ ಆಗಲಿ, ಆಪರೇಷನ್ ಕೋಣೆ ಪಕ್ಕದಲ್ಲೇ ಇದೆ."

ಮೆಟ್ಟಿಲಿಳಿಯುವಾಗ ಅತ್ತೆ ಗದರಿದರು. "ಹೊಟ್ಟೇಲಿಟ್ಕೊಂಡು ಇಂಥದ್ದೆಲ್ಲ ಕೇಳಬಾರದಮ್ಮಾ."

"ಕೇಳದಿದ್ರೆ ಜಾರೋದನ್ನ ಬಿಡುತ್ತಾ ಅತ್ತೆ?"

ಹೆರಿಗೆಯ ದಿನ ಮೊದಲನೆಯವಳು ಸಲೀಸಾಗಿ ಬಂದಳು. ಬಂದವಳೇ ಕೋಣೆ ಹಾರಿಹೋಗುವಂತೆ ಅತ್ತಳು. ಯಾಕಕ್ಕ ಇನ್ನೂ ಅವಳ ಮುಖ ಸರಿಯಾಗಿ ನೋಡಿರಲಿಲ್ಲ, ಅಷ್ಟರಲ್ಲಿ ತೊಡೆಗಳ ನಡುವೆ ಬಿಸಿನೀರು ಭರ್ರನೆ ಹರಿಯಿತು. ಪರೀಕ್ಷಿಸಲು ಕೈಹಾಕಿದ ದಪ್ಪ ಕನ್ನಡಕದ ಸಿಸ್ಟರ್ ಆ ಕೈಯನ್ನು ಮತ್ತೆ ಹೊರಗೆ ತೆಗೆಯಲಿಲ್ಲ.

"ಡಾಕ್ಟ್ರೇ, ಬಳ್ಳಿ ಬಂತು."

ದನಿ ಏರಲಿಲ್ಲ, ಆದರೆ ಕೋಣೆಯ ರಂಗೇ ಬದಲಾಯಿತು. ಮಂಚದ ತಲೆಭಾಗ ಇಳಿಯಿತು, ಸೊಂಟದ ಕೆಳಗೆ ದಿಂಬು ಬಿತ್ತು. ಯಾರೋ ಬಾಗಿಲು ತೆರೆದು ಹಿಡಿದರು. ಮಂಚ ಉರುಳತೊಡಗಿದಾಗ ಸಿಸ್ಟರ್ ಕೂಡ ಅದರ ಮೇಲೆಯೇ ಮಂಡಿಯೂರಿ ಬಂದರು.

"ಸಿಸ್ಟರ್, ಏನು ಹಿಡ್ಕೊಂಡಿದ್ದೀರಿ?"

"ಮಗು ತಲೆ. ಬಳ್ಳಿ ಮೇಲೆ ಕೂರದ ಹಾಗೆ ಮೇಲಕ್ಕೆ ತಳ್ಳಿ ಹಿಡಿದಿದ್ದೀನಿ. ನೀವು ಮಾತ್ರ ಮುಕ್ಕಬೇಡಿ."

"ಬಳ್ಳಿ ಮಿಡೀತಿದೆಯಾ?"

"ಬೆರಳಿಗೆ ತಾಗ್ತಿದೆ. ಓಡಿಬಂದವರ ಎದೆ ಥರ, ಡಬಡಬ ಅಂತ."

ಆ ಸಂಕಟದಲ್ಲೂ ಯಾಕಕ್ಕನಿಗೆ ಸೋಜಿಗ. ತನ್ನ ಮಗುವಿನ ಎದೆಬಡಿತ ತನಗೇ ತಿಳಿಯದು, ಇನ್ನೊಬ್ಬರ ಬೆರಳಿಗೆ ತಿಳಿಯುತ್ತಿದೆ! ಅಷ್ಟರಲ್ಲಿ ನೋವು ಮತ್ತೆ ಹಿಂಡಿಕೊಂಡು ಬಂತು. ಹಲ್ಲು ಕಚ್ಚಿ ಉಸಿರು ಊದಿದಳು. ನೋವು ಇಳಿದ ಮೇಲೆ "ಈಗ?" ಎಂದಳು.

ಸಿಸ್ಟರ್ ಉತ್ತರ ಕೊಡಲಿಲ್ಲ. ತುಟಿ ಬಿಗಿಹಿಡಿದಿದ್ದರು. ಯಾಕೆ ಎಂದು ಕೇಳಲು ಯಾಕಕ್ಕನಿಗೆ ಬಾಯಿ ಬರಲಿಲ್ಲ. ಹುಟ್ಟಿದಾಗಿನಿಂದ ಹಾಗಾದದ್ದು ಅದೇ ಮೊದಲು. ಛಾವಣಿಯ ದೀಪಗಳು ಒಂದೊಂದಾಗಿ ಹಿಂದೆ ಸರಿದವು. ಮೂಗಿನ ಮೇಲೆ ರಬ್ಬರಿನ ವಾಸನೆಯ ಮುಸುಕು ಬಂತು.

ಎಚ್ಚರವಾದಾಗ ಸ್ಟೂಲಿನ ಮೇಲೆ ಅತ್ತೆ ಕೂತಿದ್ದರು.

"ಎರಡನೇದು?"

"ಹುಡುಗೀನೇ. ಮೊದಲು ಅಳಲಿಲ್ಲ ಮಗಳೇ. ಉಸಿರು ಊದಿದರಂತೆ. ಆಮೇಲೆ ಬೆಕ್ಕಿನಮರಿ ಥರ ಒಂದು ಸಲ ಕುಂಯ್ ಅಂದಳಂತೆ. ಗಾಜಿನ ಪೆಟ್ಟಿಗೇಲಿ ಇಟ್ಟಿದ್ದಾರೆ. ಮೈ ಕೆಂಪಗಿದೆ, ಭಯ ಇಲ್ಲ ಅಂದರು ಡಾಕ್ಟರಮ್ಮ."

ಯಾಕಕ್ಕ ಹೊದಿಕೆಯಂಚು ಬಾಯಿಗಿಟ್ಟುಕೊಂಡು ಅತ್ತಳು. ಅತ್ತೆ ತಡೆಯಲಿಲ್ಲ.

ಸಂಜೆ ಮನೆಗೆ ಹೊರಟಿದ್ದ ಸಿಸ್ಟರ್ ಇಣುಕಿದರು. ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡಿದ್ದರು.

"ಒಳಗೆ ಏನಾಯ್ತು ಸಿಸ್ಟರ್? ನಾನು ಮಲಗಿಬಿಟ್ಟೆನಲ್ಲ."

ಸಿಸ್ಟರ್ ಮಂಚದ ಅಂಚಿಗೆ ಕೂತರು. "ಬಟ್ಟೆ ಹೊದಿಸಿದ ಮೇಲೂ ನನ್ನ ಕೈ ಅಲ್ಲೇ ಇತ್ತು. ಹೊಟ್ಟೆ ಕೊಯ್ದ ಮೇಲೆ ಮೇಲಿಂದ ಡಾಕ್ಟ್ರ ಕೈ ಬಂತು. ಕೆಳಗೆ ನನ್ನ ಕೈ, ಮೇಲೆ ಅವರ ಕೈ, ನಡುವೆ ನಿಮ್ಮ ಮಗಳ ತಲೆ. 'ಸಿಕ್ತು, ಬಿಡಿ' ಅಂದರು. ಬಿಡೋಕೇ ಮನಸ್ಸು ಬರಲಿಲ್ಲ ನೋಡಿ."

"ದಾರೀಲಿ ಕೇಳಿದಾಗ ಸುಮ್ಮನಾದಿರಿ."

"ಮಿಡಿತ ಸಣ್ಣಗಾಗಿತ್ತು. ಸುಳ್ಳು ಹೇಳೋಕೂ ಆಗಲಿಲ್ಲ, ನಿಜ ಹೇಳೋಕೂ ಆಗಲಿಲ್ಲ."

ಮರುದಿನ ಗಂಡ ಗಾಲಿಕುರ್ಚಿ ತಳ್ಳಿಕೊಂಡು ಅವಳನ್ನು ಗಾಜಿನ ಪೆಟ್ಟಿಗೆಯ ಹತ್ತಿರ ಕರೆತಂದ. ಪುಟಾಣಿ ಹೊಟ್ಟೆಯ ಮೇಲೆ ಕ್ಲಿಪ್ಪು ಕಚ್ಚಿಸಿದ ಬಳ್ಳಿಯ ತುಂಡು ಆಗಲೇ ಬಾಡುತ್ತಿತ್ತು. ಇಷ್ಟು ಮೆತ್ತನೆಯದರಲ್ಲಿ ಒಂದು ಜೀವ ಹರಿಯುತ್ತಿತ್ತಲ್ಲ ಎಂದು ಅವಳು ನೋಡಿಯೇ ನೋಡಿದಳು. ಪೆಟ್ಟಿಗೆಯ ಕಿಂಡಿಯಿಂದ ಕೈ ಹಾಕಿ ಅಂಗಾಲು ಸವರಿದಾಗ ಮಗು ಕಾಲು ಎಳೆದುಕೊಂಡು ಮುಖ ಸಿಂಡರಿಸಿತು.

"ಸಿಟ್ಟು ಬಂತು ಇವಳಿಗೆ" ಎಂದ ಗಂಡ.

"ಬರಲಿ ಬಿಡಿ" ಎನ್ನುತ್ತ ಯಾಕಕ್ಕ ಇನ್ನೊಂದು ಸಲ ಸವರಿದಳು.