ನಾಲ್ಕನೇ ಮಹಡಿಗೆ ಆಡು ಬರುವುದಿಲ್ಲ

ಗದಗಿನ ನಮ್ಮ ಓಣಿಯಲ್ಲಿ ಮನೆಯಿಂದ ಹೊರಗೆ ಕಾಲಿಡುವ ಹೆಂಗಸು ಬಾಗಿಲನ್ನು ಹಿಂದೆ ಎಳೆದುಕೊಂಡೇ ಹೋಗುತ್ತಾಳೆ. ಕಳ್ಳರ ಭಯಕ್ಕಲ್ಲ, ಆಡಿನ ಭಯಕ್ಕೆ. ಓಣಿಯ ಆಡುಗಳಿಗೆ ಒಂದಿಷ್ಟು ಸಂದು ಸಿಕ್ಕರೆ ಸಾಕು, ನೆಟ್ಟಗೆ ಅಡುಗೆಮನೆಗೆ ನುಗ್ಗಿ ಜೋಳದ ಹಿಟ್ಟಿಗೆ ಬಾಯಿ ಹಾಕುತ್ತವೆ. ಹಾಗಾಗಿ ರಂಗೋಲಿ ಹಾಕಲು ಹೊರಟರೂ, ಕಸ ಚೆಲ್ಲಲು ಹೊರಟರೂ, ಪಕ್ಕದ ಮನೆಗೆ ಮಜ್ಜಿಗೆ ಕೇಳಲು ಹೊರಟರೂ ಬಾಗಿಲು ಎಳೆಯುವುದೇ. ಚಿಲಕ ಹಾಕುವುದಿಲ್ಲ. ಬೀಗದ ಮಾತಂತೂ ಇಲ್ಲವೇ ಇಲ್ಲ. ತಿರುಗಿ ಬಂದು ಒಂದು ಸಲ ತಳ್ಳಿದರೆ ತೆರೆದುಕೊಳ್ಳುತ್ತದೆ. ಇದನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ನೋಡಿ ನೋಡಿ ಕೈಗೆ ಬಂದದ್ದು.

ನನ್ನ ಗಂಡನಿಗೆ ಯಶವಂತಪುರದ ಕಡೆ ಒಂದು ಔಷಧಿ ಗೋದಾಮಿನಲ್ಲಿ ಮೇಲ್ವಿಚಾರಣೆಯ ಕೆಲಸ ಸಿಕ್ಕಿತು. ನಾವು ಮೂವರು, ಅಂದರೆ ಅವರು, ನಾನು, ನಾಲ್ಕು ವರ್ಷದ ಮಗ, ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಬಂದೆವು. ಮನೆ ಮಾಡಿದ್ದು ಕೆಂಪಾಪುರದಲ್ಲಿ. ಮೊಬೈಲಿನ ನಕ್ಷೆಯಲ್ಲಿ ಯಶವಂತಪುರಕ್ಕೆ ಹತ್ತಿರವೇ ಕಂಡಿತ್ತು. ನಡುವೆ ಹೆಬ್ಬಾಳದ ಟ್ರಾಫಿಕ್ ಇದೆ ಎನ್ನುವುದನ್ನು ನಕ್ಷೆ ಹೇಳಲಿಲ್ಲ. ಹೇಳಿದರೂ ನಮಗೆ ಅರ್ಥವಾಗುತ್ತಿರಲಿಲ್ಲ. ಮೊದಲ ದಿನ ಕೆಲಸ ಮುಗಿಸಿ ಬಂದ ಗಂಡ ಚಪ್ಪಲಿ ಸಹಿತ ಸೋಫಾದ ಮೇಲೆ ಕುಸಿದು, "ಫ್ಲೈಓವರ್ ಮ್ಯಾಲ ನಿಂತು ನಿಂತು ಅಲ್ಲೇ ರೇಷನ್ ಕಾರ್ಡ್ ಮಾಡಿಸಬೇಕು ಅನಸ್ತು" ಎಂದರು. ನನಗೆ ನಗು ಬರಲಿಲ್ಲ.

ಆ ದಿನಗಳಲ್ಲಿ ನನಗೆ ಯಾವುದಕ್ಕೂ ನಗು ಬರುತ್ತಿರಲಿಲ್ಲ. ಏನು ನೋಡಿದರೂ ಎದೆ ಧಸಕ್ಕೆನ್ನುತ್ತಿತ್ತು. ವಿಮಾನಗಳು ತಲೆಯ ಮೇಲೆಯೇ ಹೊಟ್ಟೆ ತೋರಿಸಿಕೊಂಡು ಹೋಗುತ್ತಿದ್ದವು. ಮಗ ಕಿವಿ ಮುಚ್ಚಿಕೊಂಡು ಒಳಗೆ ಓಡಿ ಬರುತ್ತಿದ್ದ, ಬೀದಿಯಲ್ಲಿ ಒಬ್ಬರೂ ಕತ್ತು ಎತ್ತುತ್ತಿರಲಿಲ್ಲ. ಕರಿಬೇವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೆಲೆ ಅಂಟಿಸಿ ಮಾರುವುದನ್ನು ಕಂಡು ನಾನು ಅಂಗಡಿಯಲ್ಲೇ ಬಾಯಿ ತೆರೆದು ನಿಂತಿದ್ದೆ. ಒಂದು ದಿನ ಶೇಂಗಾ ಹೋಳಿಗೆ ಮಾಡಿದ್ದೆ. ಕೆಳಗಿನ ಮಹಡಿಯವರಿಗೆ ಕೊಟ್ಟು ಪರಿಚಯ ಮಾಡಿಕೊಳ್ಳೋಣವೆಂದು ತಟ್ಟೆ ಹಿಡಿದು ಹೋದೆ. ಬಾಗಿಲು ಬಡಿದಾಗ ಒಳಗಿನಿಂದ "ಯಾರು?" ಎಂದರು. "ನಾನ್ರೀ" ಎಂದೆ. ನಮ್ಮ ಕಡೆ ಅಷ್ಟು ಹೇಳಿದರೆ ಸಾಕು. ಬಾಗಿಲಿನ ಗಾಜಿನ ಕಣ್ಣಿನ ಹಿಂದೆ ಏನೋ ಅಲ್ಲಾಡಿತು, ಬಾಗಿಲು ಮಾತ್ರ ತೆರೆಯಲಿಲ್ಲ. ಹೋಳಿಗೆಯನ್ನು ತಿರುಗಿ ತಂದು ನಾನೇ ತಿಂದೆ, ಸಿಟ್ಟಿನಲ್ಲಿ ಎಲ್ಲವನ್ನೂ ತಿಂದೆ.

ನಮ್ಮ ಮನೆ ನಾಲ್ಕನೇ ಮಹಡಿ. ಕಟ್ಟಡದ ಮಾಲೀಕರು ಕೆಂಪಾಪುರ ಹಳ್ಳಿಯಾಗಿದ್ದಾಗಿನಿಂದ ಇಲ್ಲೇ ಇದ್ದ ಮನೆತನದ ಯಜಮಾನರು, ನೆಲಮಹಡಿಯಲ್ಲಿ ವಾಸ. ಹೊಲವಿದ್ದ ಜಾಗದಲ್ಲೇ ಕಟ್ಟಡ ಎಬ್ಬಿಸಿದ್ದರು. ಮಕ್ಕಳಿರುವವರಿಗೆ ಅನುಕೂಲವಾಗಲಿ ಎಂದು ಬಾಲ್ಕನಿಗೆ ಮೇಲಿನಿಂದ ಕೆಳಗಿನವರೆಗೂ ಕಬ್ಬಿಣದ ಗ್ರಿಲ್ ಹಾಕಿಸಿದ್ದರು. ಆ ಗ್ರಿಲ್ ನೋಡಿಯೇ ನಾನು ಮನೆ ಒಪ್ಪಿದ್ದು. ನಮ್ಮ ಬಾಲ್ಕನಿಗೆ ಅಂಟಿಕೊಂಡೇ ಪಕ್ಕದ ಮನೆಯ ಬಾಲ್ಕನಿ; ನಡುವೆಯೂ ಅಂಥದೇ ಗ್ರಿಲ್. ಆ ಮನೆಯವರು ಉರ್ದು ಮಾತಾಡುವ ಮುಸ್ಲಿಮರು ಎಂಬುದಷ್ಟೇ ನನಗೆ ಗೊತ್ತಿತ್ತು. ಲಿಫ್ಟಿನಲ್ಲಿ ಎದುರಾದರೆ ಅವರೂ ತಲೆಯಾಡಿಸುತ್ತಿದ್ದರು, ನಾನೂ ತಲೆಯಾಡಿಸುತ್ತಿದ್ದೆ.

ಆವತ್ತು ಬೆಳಿಗ್ಗೆ ಗಂಡ ಆಗಲೇ ಹೊರಟುಹೋಗಿದ್ದರು. ಮಗ ನಡುಮನೆಯಲ್ಲಿ ಕುಳಿತು ನನ್ನ ಸ್ಟೀಲ್ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಒಲೆಯ ಮೇಲೆ ಹಾಲು ಇಟ್ಟು, ಉರಿ ಸಣ್ಣಗೆ ಮಾಡಿ, ಅದು ಕಾಯುವಷ್ಟರಲ್ಲಿ, ಈ ಮನೆಗೆ ಬಂದಮೇಲೆ ಮೊದಲ ಸಲ, ಹೊಸ್ತಿಲ ಮುಂದೆ ನಾಲ್ಕು ಎಳೆ ರಂಗೋಲಿ ಹಾಕಿಬಿಡೋಣವೆಂದು ಪುಡಿ ಡಬ್ಬಿ ಹಿಡಿದು ಹೊರಗೆ ಬಂದೆ. ಬಂದವಳು ಬಾಗಿಲು ಎಳೆದುಕೊಂಡೆ.

ಟಕ್ ಎಂದಿತು.

ನನ್ನ ಕೈ ಹಿಡಿಕೆಯ ಮೇಲೇ ಇತ್ತು. ತಳ್ಳಿದೆ. ಇನ್ನೊಮ್ಮೆ ತಳ್ಳಿದೆ. ಈ ಬಾಗಿಲು ಎಳೆದರೆ ತಾನೇ ಬೀಗ ಬೀಳುವಂಥದ್ದು, ಹೊರಗಿನಿಂದ ಕೀಲಿ ಇಲ್ಲದೆ ತೆರೆಯುವುದಿಲ್ಲ ಎಂದು ಗಂಡ ಮೊದಲ ದಿನವೇ ಹೇಳಿದ್ದರು. ನಾನೂ ಹ್ಞೂಂ ಎಂದಿದ್ದೆ. ಅದು ಕಿವಿಗೆ ಹೋಗಿತ್ತು, ಕೈಗೆ ಹೋಗಿರಲಿಲ್ಲ. ಕೀಲಿ ಒಳಗೆ. ಫೋನು ಒಳಗೆ. ಒಲೆಯ ಮೇಲೆ ಹಾಲು. ಮಗ ಒಳಗೆ, ನಾನು ಹೊರಗೆ. ನಾಲ್ಕನೇ ಮಹಡಿಗೆ ಯಾವ ಆಡು ಬರುತ್ತಿತ್ತು ಹೇಳಿ!

ಮೊದಲು ಸಮಾಧಾನದಿಂದಲೇ ಕರೆದೆ. "ಬಂಗಾರಾ, ಬಾಗಲದ ಹಿಡಿಕಿ ಕೆಳಗ ಜಗ್ಗು." ಒಳಗಿನಿಂದ ಹಿಡಿಕೆ ಜಗ್ಗಿದರೆ ಬೀಗ ತೆರೆಯುತ್ತಿತ್ತು, ಅದು ಅವನ ಕೈಗೆ ಎಟಕುವಷ್ಟು ಕೆಳಗೇ ಇತ್ತು. ಒಳಗೆ ಡಬ್ಬಿಗಳು ಉರುಳಿದ ಸದ್ದಾಯಿತು. ಅವನು ಬಾಗಿಲ ತನಕ ಬಂದದ್ದು ತಿಳಿಯಿತು, ಉಸಿರು ಕೇಳುತ್ತಿತ್ತು. ಹೊರಗಿನ ಹಿಡಿಕೆಯೂ ಒಂದಿಷ್ಟು ಅಲ್ಲಾಡಿತು, ಪೂರ್ತಿ ಬಗ್ಗಲಿಲ್ಲ, ಮತ್ತೆ ಮೇಲೆ ಹೋಯಿತು. ಅಷ್ಟರಲ್ಲಿ ಹಾಲು ಉಕ್ಕಿ ಚುಂಯ್ ಎಂದದ್ದು ಕೇಳಿತು. ನನ್ನ ಸಮಾಧಾನ ಅಲ್ಲಿಗೆ ಮುಗಿಯಿತು.

"ಜಗ್ಗೋ! ಜೋರಾಗಿ ಜಗ್ಗೋ! ಅಡಗಿಮನಿಗೆ ಹೋಗಬ್ಯಾಡ! ಕೇಳಸ್ತೈತೇನು? ಬಾಗಲಾ ತಗಿಯೋ!" ಎರಡೂ ಅಂಗೈಯಿಂದ ಬಾಗಿಲು ಬಡಿದೆ. ಒಳಗೆ ಪುಟ್ಟ ಕಾಲುಗಳು ದೂರ ಓಡಿದವು. ಅಡುಗೆಮನೆ ಕಡೆಗೋ, ಬೇರೆ ಕಡೆಗೋ ಗೊತ್ತಾಗಲಿಲ್ಲ. ಅವನ ಹೆಸರು ಹಿಡಿದು ಕಿರುಚುತ್ತ ಬಾಗಿಲಿಗೆ ಭುಜ ಕೊಟ್ಟು ಗುದ್ದಿದೆ. ರಂಗೋಲಿ ಪುಡಿ ಕಾಲಡಿಯೆಲ್ಲ ಚೆಲ್ಲಿತ್ತು, ಕಾಲು ಜಾರುತ್ತಿತ್ತು.

ಪಕ್ಕದ ಮನೆಯ ಬಾಗಿಲು ತೆರೆಯಿತು. ತಲೆಯ ಮೇಲೆ ದುಪಟ್ಟಾ ಎಳೆದುಕೊಳ್ಳುತ್ತ ವಯಸ್ಸಾದ ಆಕೆ ಹೊರಗೆ ಬಂದರು. "ಏನಾಯ್ತಮ್ಮಾ?" ಎಂದವರು, ನನ್ನ ಕೈ, ಬಾಗಿಲು, ಕೆಳಗೆ ಬಿದ್ದ ಡಬ್ಬಿ ನೋಡಿ, ನಾನು ಹೇಳುವ ಮೊದಲೇ ಅರ್ಥ ಮಾಡಿಕೊಂಡರು. "ಮಗು ಒಳಗಿದ್ಯಾ? ಗ್ಯಾಸ್ ಉರೀತಿದ್ಯಾ?" ನಾನು ತಲೆಯಾಡಿಸಿದೆ. "ಯಜಮಾನ್ರಿಗೆ ಫೋನ್ ಮಾಡಿ" ಎಂದು ತಮ್ಮ ಮೊಬೈಲ್ ಕೈಗಿಟ್ಟರು. ನಾನು ಅದನ್ನು ಹಿಡಿದುಕೊಂಡು ನಿಂತೆ. ಗಂಡನ ನಂಬರು ನನಗೆ ಬಾಯಿಗೆ ಬರುತ್ತಿರಲಿಲ್ಲ! ಮದುವೆಯಾದಂದಿನಿಂದ ಅವರ ಹೆಸರು ಒತ್ತಿಯೇ ಮಾತಾಡಿದವಳು. ಬಂದಿದ್ದರೂ ಏನು, ಅವರು ಹೆಬ್ಬಾಳ ದಾಟಿ ವಾಪಸ್ ಬರುವಷ್ಟರಲ್ಲಿ ಏನು ಬೇಕಾದರೂ ಆಗಬಹುದಿತ್ತು.

ಆಕೆ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಮಾಲೀಕರಿಗೆ ಕರೆ ಮಾಡಿದರು. ಇನ್ನೊಂದು ಕೀಲಿ ಇದೆಯೇ ಎಂದು ಕೇಳಿದರು. ಇಲ್ಲ, ಇದ್ದದ್ದನ್ನೆಲ್ಲ ನಮಗೇ ಕೊಟ್ಟಿದ್ದರಂತೆ. ನಿಜ, ಎರಡನೆಯದು ಗಂಡನ ಕಿಸೆಯಲ್ಲಿತ್ತು. ಆಮೇಲೆ ಆಕೆ ಒಂದು ಮಾತೂ ಆಡದೆ ತಮ್ಮ ಮನೆಯೊಳಗೆ ಹೋಗಿಬಿಟ್ಟರು. ಇಂಥ ಹೊತ್ತಿನಲ್ಲೂ ಒಳಗೆ ಹೋಗುತ್ತಾರಲ್ಲ ಎಂದು ನನಗೆ ಮೈ ಉರಿಯಿತು. ಅಳುತ್ತಲೇ ಮತ್ತೆ ಬಾಗಿಲು ಗುದ್ದತೊಡಗಿದೆ.

ಮಾಲೀಕರು ಲುಂಗಿ ಎತ್ತಿ ಕಟ್ಟಿಕೊಂಡು ಏದುಸಿರು ಬಿಡುತ್ತ ಲಿಫ್ಟಿನಿಂದ ಹೊರಬಂದರು. ಕೈಯಲ್ಲಿ ಹಾರೆ. ಹೊಲ ಹೋದರೂ ಹಾರೆ ಉಳಿಸಿಕೊಂಡಿದ್ದರು. "ಇಂಗೆ ಬಡೀತಾ ಕೂತ್ರೆ ಆಗಕ್ಕಿಲ್ಲ ಕಣಮ್ಮ, ಅತ್ಲಾಗಿ ಸರ್ಕೊ. ಒಡ್ದಾಕ್ತೀನಿ. ಬಾಗ್ಲು ಓದ್ರೆ ಒಸದು ಆಕ್ಸಿದ್ರಾಯ್ತು" ಎಂದು ಹಾರೆಯ ತುದಿಯನ್ನು ಚೌಕಟ್ಟಿನ ಸಂದಿಗೆ ಹೊಂದಿಸಿದರು. ಬಾಗಿಲ ಕೆಳಗಿನಿಂದ ಸೀದ ಹಾಲಿನ ವಾಸನೆ ಬರುತ್ತಿತ್ತು.

ಆಗ ಪಕ್ಕದ ಮನೆಯಾಕೆ ಓಡಿ ಬಂದು ಹಾರೆಯ ಮೇಲೆ ಕೈ ಇಟ್ಟರು.

"ಒಡೀಬೇಡಿ. ಬಂಗಾರ ಬಾಲ್ಕನೀಲಿದಾನೆ. ನಾನು ಗ್ರಿಲ್ ಹತ್ರ ನಿಂತು ಮಾತಾಡ್ಸ್ದೆ. ಚೆನ್ನಾಗಿದಾನೆ."

ನಾನು ಗೋಡೆ ಹಿಡಿದುಕೊಂಡೆ. ಬಂಗಾರ ಎಂದು ಮನೆಯಲ್ಲಿ ನಾವು ಕರೆಯುವ ಮುದ್ದಿನ ಹೆಸರಿನಿಂದಲೇ ಆಕೆ ನನ್ನ ಮಗನನ್ನು ಕರೆದಿದ್ದರು. ಅವನು ದಿನವೂ ನಾನು ಬಚ್ಚಲಲ್ಲಿ ಬಟ್ಟೆ ಒಗೆಯುವಾಗ ಆ ಗ್ರಿಲ್ಲಿಗೆ ಮುಖ ಒತ್ತಿ ಆಕೆಯ ಜೊತೆ ಹರಟುತ್ತಾನಂತೆ. ಗದಗಿನ ಕತೆಗಳನ್ನೆಲ್ಲ ಹೇಳಿದ್ದಾನಂತೆ. ಈ ಊರಲ್ಲಿ ನನಗೊಂದು ಪರಿಚಯವೂ ಇಲ್ಲವೆಂದು ನಾನು ಅಳುತ್ತಿದ್ದ ದಿನಗಳಲ್ಲೇ ಅವನು ಒಂದು ಮನೆ ಸಂಪಾದಿಸಿಕೊಂಡಿದ್ದ.

"ಮತ್ತ ಬಾಗಲಾ ಯಾಕ ತಗೀವಲ್ಲ ರೀ ಅಂವ?" ಎಂದು ಕೇಳಿದೆ.

ಆಕೆ ನನ್ನ ಮುಖ ನೋಡಿದರು. ಹಾರೆಯ ಮೇಲಿನ ಕೈಯನ್ನು ನನ್ನ ಭುಜಕ್ಕೆ ತಂದರು. "ಬಾಗ್ಲ ಹತ್ರ ಬರಕ್ಕೆ ಹೆದರ್ತಿದಾನಮ್ಮ. ಅವ್ವ ತುಂಬಾ ಸಿಟ್ಟಲ್ಲಿದಾಳೆ, ಬಾಗ್ಲು ತೆಗೆದ್ರೆ ಹೊಡೀತಾಳೆ ಅಂತಾನೆ. ನೀವು ಬಡಿಯೋದು ನಿಲ್ಸಿ. ಕೂಗ್ಬೇಡಿ. ಸುಮ್ನಿದ್ರೆ ಬರ್ತಾನೆ, ನಾನು ಕಳಿಸ್ತೀನಿ."

"ಒಲೆ ಉರೀತಾ ಐತೆ, ಸುಮ್ಕಿರೋದು ಏನ್ ಬಂತು?" ಎಂದು ಮಾಲೀಕರು ರೇಗಿದರು.

"ಹಾರೆ ಸದ್ದು ಕೇಳಿದ್ರೆ ಅವನು ಇನ್ನೂ ಒಳಗೆ ಅಡಗ್ತಾನೆ. ಎಲ್ಲಿ ಅಂತ ಹುಡುಕ್ತೀರಾ? ಅಡುಗೆಮನೆಗೇ ನುಗ್ಗಿದ್ರೆ?" ಆಕೆಯ ದನಿಯೂ ಏರಿತು.

ಇಬ್ಬರೂ ನನ್ನ ಕಡೆ ತಿರುಗಿದರು. ಮಗು ನನ್ನದು, ನಾನೇ ಹೇಳಬೇಕಿತ್ತು. ಹಾರೆ ಹಾಕಿ ಎಂದರೆ ಬಾಗಿಲು ಈಗಲೇ ಸೀಳುತ್ತದೆ. ಸುಮ್ಮನಿರಬೇಕೆಂದರೆ, ಒಳಗೆ ಉರಿ, ಹೊರಗೆ ನಾನು, ಕೈ ಕಟ್ಟಿ ನಿಲ್ಲಬೇಕು. ನನ್ನ ಮೈಯೆಲ್ಲ ಒಡೆಯಿರಿ ಎನ್ನುತ್ತಿತ್ತು. ಆದರೆ ಅವನು ಎಲ್ಲಿದ್ದಾನೆಂದು ನೋಡಿ ಬಂದವರು ಆಕೆ ಒಬ್ಬರೇ.

"ಹಾರಿ ತಗೀರಿ ಯಜಮಾನ್ರ" ಎಂದೆ.

ಆಕೆ ಒಳಗೆ ಓಡಿದರು. ನಾನು ಹೊಸ್ತಿಲ ಮುಂದೆ ಕುಳಿತು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಮಾಲೀಕರು ಹಾರೆಯನ್ನು ನೆಲಕ್ಕೆ ಊರಿ, ಉಸಿರು ಬಿಗಿಹಿಡಿದು ನಿಂತರು. ಮೇಲೊಂದು ವಿಮಾನ ಹೋಯಿತು. ಅಷ್ಟು ಹೊತ್ತು ಸುಮ್ಮನೆ ಕೂತದ್ದು ನನಗೆ ಜನ್ಮದಲ್ಲೇ ನೆನಪಿಲ್ಲ. ಆಕೆಯ ದನಿ ಗೋಡೆಯಾಚೆಯಿಂದ ಸಣ್ಣಗೆ ಕೇಳುತ್ತಿತ್ತು. ಅರ್ಧ ಕನ್ನಡ, ಅರ್ಧ ಉರ್ದು. "ಜಾವ್ ಬೇಟಾ, ಆ ಕಡೆಯಿಂದ, ಸೋಫಾ ಪಕ್ಕದಿಂದ ಹೋಗು, ಶಾಬಾಶ್." ಒಲೆಯ ಕಡೆ ಹೋಗದಂತೆ ಆಕೆ ಅವನಿಗೆ ದಾರಿ ಹೇಳುತ್ತಿದ್ದರು.

ಡಬ್ಬಿಯೊಂದು ಕಾಲಿಗೆ ತಾಗಿ ಉರುಳಿತು. ಹಿಡಿಕೆ ಅಲ್ಲಾಡಿತು. ಅರ್ಧಕ್ಕೆ ಬಂದು ನಿಂತಿತು. ಕೂಗಬೇಕೆಂದು ಗಂಟಲ ತನಕ ಬಂದದ್ದನ್ನು ನುಂಗಿದೆ. ಅವನು ಎರಡೂ ಕೈಯಿಂದ ಜೋತುಬಿದ್ದಿರಬೇಕು, ಹಿಡಿಕೆ ಪೂರ್ತಿ ಕೆಳಗೆ ಬಗ್ಗಿತು, ಬಾಗಿಲು ಬಿಚ್ಚಿತು.

ಮಾಲೀಕರು ನನ್ನನ್ನು ದಾಟಿಕೊಂಡು ಒಳಗೆ ನುಗ್ಗಿ ಗ್ಯಾಸ್ ಆರಿಸಿದರು. ಹಾಲಿನ ಪಾತ್ರೆ ಕರಿ ಕಟ್ಟಿತ್ತು, ಹೊಗೆ ನಡುಮನೆಯ ಅರ್ಧದವರೆಗೆ ಬಂದಿತ್ತು. ಅವರು ಕೆಮ್ಮುತ್ತ ಕಿಟಕಿಗಳನ್ನೆಲ್ಲ ತೆರೆದರು. ನಾನು ಕೈ ಚಾಚಿದೆ. ಮಗ ಬರಲಿಲ್ಲ. ಬಾಗಿಲ ಹಿಂದೆ ಸರಿದು, ಗೋಡೆಗೆ ಬೆನ್ನು ಒತ್ತಿ, ಎರಡೂ ಕೆನ್ನೆಗಳನ್ನು ಅಂಗೈಯಿಂದ ಮುಚ್ಚಿಕೊಂಡು ನಿಂತ.

"ನಾ ಬಾಗಲಾ ಹಾಕಿಲ್ಲವ್ವಾ" ಎಂದ. "ಅದ ಹಾಕ್ಕೊಂತು."

ಹೊಡೆತ ತಿಂದಂತಾಯಿತು ನನಗೆ. ಇಡೀ ಹೊತ್ತು ನಾನು ಅವನಿಗಾಗಿ ಬಾಗಿಲು ಬಡಿದಿದ್ದೆ. ಅವನು ಅದನ್ನು ತನ್ನ ಮೇಲೆ ಬೀಳುವ ಏಟೆಂದು ಕೇಳಿಸಿಕೊಂಡಿದ್ದ.

ಪಕ್ಕದ ಮನೆಯಾಕೆ ಅಷ್ಟರಲ್ಲಿ ಬಂದು ಅವನ ಎದುರು ಮೊಣಕಾಲೂರಿ ಕುಳಿತಿದ್ದರು. "ಅವ್ವಂಗೆ ಸಿಟ್ಟಿಲ್ಲ ಬೇಟಾ. ಅವ್ವಂಗೆ ಹೆದ್ರಿಕೆ ಆಗಿತ್ತು, ಅದ್ಕೇ ಕೂಗಿದ್ಲು" ಎಂದರು.

ಅವನು ಕೆನ್ನೆಯ ಮೇಲಿನ ಕೈ ತೆಗೆಯದೆ ನನ್ನನ್ನು ನೋಡಿದ. ನಂಬಲಿಲ್ಲ. "ಅವ್ವಗೂ ಅಂಜಿಕಿ ಬರ್ತೈತಿ?" ಎಂದು ನನ್ನನ್ನೇ ಕೇಳಿದ.

"ಬರ್ತೈತಪ್ಪಾ" ಎಂದೆ. ಮಾಲೀಕರಿದ್ದರು, ಆಕೆ ಇದ್ದರು, ಆದರೂ ಹೇಳಿಬಿಟ್ಟೆ. "ಈ ಊರಿಗೆ ಬಂದಾಗಿಂದ ದಿನಾ ಬರ್ತೈತಿ."

ಅವನು ಕೆನ್ನೆಯಿಂದ ಕೈ ಇಳಿಸಿ, ನನ್ನ ಹತ್ತಿರ ಬಂದು, ಮುಖಕ್ಕೆ ಮುಖ ಕೊಟ್ಟು ಕೇಳಿದ.

"ಮತ್ತ ನನಗ್ಯಾಕ ಹೇಳಲಿಲ್ಲ? ನನಗೂ ದಿನಾ ಬರ್ತೈತಲ್ಲ."