ಮೋಟಾರಿನ ತಲೆಯ ಮೇಲೆ ಗೇಟು

ಹೆಣ್ಣು ಹಡೆದವಳನ್ನು ಎಲ್ಲರೂ ಸಮಾಧಾನ ಮಾಡುತ್ತಾರೆ. ನನಗೆ ಸಮಾಧಾನ ಬೇಕಿರಲಿಲ್ಲ, ಮಜ್ಜಿಗೆ ಬೇಕಿತ್ತು. ಅದನ್ನು ಬಾಣಂತಿಗೆ ಕೊಡುತ್ತಿರಲಿಲ್ಲ. ಬಳ್ಳಾರಿಯ ನಮ್ಮ ತವರುಮನೆಗೆ ಬಂದ ಹೆಂಗಸರೆಲ್ಲ, “ಇರ್ಲಿ ಬಿಡವಾ, ಮುಂದಿಂದು ಗಂಡಾಗತೈತಿ” ಎಂದು ನನ್ನ ಮಗಳ ಎದುರಿಗೇ ಹೇಳಿ, ಕಾಫಿ ಕುಡಿದು ಹೋಗುತ್ತಿದ್ದರು. ಕೂಸಿಗೆ ಮಾತು ತಿಳಿಯುವುದಿಲ್ಲವಲ್ಲ ಎಂಬ ಧೈರ್ಯ.

ನಮ್ಮಲ್ಲಿ ಚೊಚ್ಚಲ ಕೂಸಿನ ತೊಟ್ಟಿಲು ತವರಿನದು. ಬಾಣಂತಿ ಗಂಡನ ಮನೆಗೆ ಹೊರಟಾಗ ಹಿಂದೆಯೇ ತೊಟ್ಟಿಲೂ ಹೊರಡಬೇಕು. ಅದರ ತಯಾರಿಯಲ್ಲಿ ಇರುವಾಗಲೇ ಸಿರುಗುಪ್ಪದಿಂದ, ನನ್ನ ಅತ್ತೆಯವರ ಕಡೆಯ ನೆಂಟರೊಬ್ಬರು ಬಸ್ಸಿಗೆ ಬಂದು, ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಕೊನೆಗೆ ಅತ್ತೆಯವರ ಮಾತು ಮುಟ್ಟಿಸಿದರು: “ಹೆಣ್ಣುಕೂಸಿಗೆ ತೊಟ್ಟಲಾ ಯಾಕಬೇಕು? ಸೀರಿ ಕಟ್ಟಿ ತೂಗಿದ್ರ ನಿದ್ದಿ ಬರಂಗಿಲ್ಲೇನು ಅಂದಾರ ನೋಡ್ರಿ ನಿಮ್ಮ ಬೀಗತಿ.”

ಅವ್ವ ನೆಂಟರ ಮುಂದೆ ಇನ್ನೆರಡು ಎಲೆ ಇಟ್ಟಳು. ಅವ್ವ ಹೀಗೆ ಉಪಚಾರ ಹೆಚ್ಚಿಸಿದಾಗ ನಾವೆಲ್ಲ ಹುಷಾರಾಗಿರುತ್ತಿದ್ದೆವು. ನೆಂಟರು ಬಸ್‌ಸ್ಟ್ಯಾಂಡಿನ ಕಡೆ ತಿರುಗಿದ ಮೇಲೆ ಅವಳು ಅಪ್ಪನ ಮುಂದೆ ಬಂದು ನಿಂತಳು.

“ತೊಟ್ಟಲಾ ಹೋಗತೈತಿ. ಬಿಚ್ಚಿ ಗಂಟು ಕಟ್ಟಿ ಅಲ್ಲ, ನಿಂತದ್ದು ನಿಂತಂಗ ಹೋಗತೈತಿ. ಸಿರುಗುಪ್ಪದ ಬಜಾರಿನ್ಯಾಗ ಒಬ್ರು ಬಿಡದಂಗ ನೋಡ್ಬೇಕು.”

ಅವ್ವನಿಗಿಂತ ಹೆಚ್ಚು ಉರಿದವಳು ನಾನು. ಆ ಮನೆಯಲ್ಲಿ ಹಿರಿಯ ಸೊಸೆಯ ಗಂಡುಮಕ್ಕಳನ್ನು ಅತ್ತೆ ಹೊಸ್ತಿಲಲ್ಲೇ ಆರತಿ ಎತ್ತಿ, ತಾವೇ ಎದೆಗಪ್ಪಿಕೊಂಡು ಒಳಗೆ ಒಯ್ದದ್ದನ್ನು ಕೇಳಿದ್ದೆ. ನನ್ನ ಮಗಳು ಅದೇ ಹೊಸ್ತಿಲನ್ನು ತಲೆ ತಗ್ಗಿಸಿ ದಾಟಬಾರದು ಎಂದು ಹಟ ಹಿಡಿದೆ. ಕೂಸಿಗೆ ಆಗಿನ್ನೂ ಕುತ್ತಿಗೆಯೇ ನಿಂತಿರಲಿಲ್ಲ.

ತೊಟ್ಟಿಲು ಸಾಗವಾನಿಯದು. ನಾಲ್ಕು ಕಾಲಿನ ಕಟ್ಟು, ನಡುವೆ ಸರಪಳಿಯಲ್ಲಿ ತೂಗುವ ತೊಟ್ಟಿಲು, ಮೂಲೆಗೊಂದು ಬಣ್ಣದ ಗಿಳಿ. ಬಸ್ಸಿನ ಮೇಲೆ ಹಾಕಿದರೆ ಉಳ್ಳಾಗಡ್ಡಿ ಚೀಲಗಳ ಕೆಳಗೆ ಸೇರುತ್ತದೆ. ಎತ್ತಿನ ಬಂಡಿ ಎಂದರೆ ಅವ್ವನಿಗೆ ಅವಮಾನ, ಯಾಕೆಂದರೆ ನಮ್ಮ ಬಾಗಿಲಿಗೆ ಮೋಟಾರು ಇತ್ತು. ಯುದ್ಧ ಮುಗಿದು ಊರಿಗೆ ಹೊರಟ ಬಿಳಿ ಆಫೀಸರನೊಬ್ಬ ದಂಡಿನ ಪ್ರದೇಶದಲ್ಲಿ ಮಾರಿಹೋದ ಹಳೇ ಮೋಟಾರು. ಮರದ ಚೌಕಟ್ಟಿಗೆ ತಗಡು ಹೊಡೆದ ಮೈ, ನೆತ್ತಿಯ ನಡುವೆ ಬರೀ ಮೇಣಬಟ್ಟೆ. ಅದರ ಮೇಲೆ ಒಂದು ಹಾಸಿಗೆ ಸುರುಳಿ ಇಟ್ಟರೂ ಒಳಗೆ ಕೂತವರ ಜುಟ್ಟಿಗೆ ತಾಗುತ್ತಿತ್ತು.

“ಅದಕ್ಕೇನು, ಮ್ಯಾಲೊಂದು ಕ್ಯಾರಿಯರ್ ಮಾಡಸ್ತೀನಿ” ಎಂದ ಅಪ್ಪ.

ಅಪ್ಪ ಓವರ್‌ಸಿಯರ್ ಆಗಿದ್ದವನು. ಜೀವಮಾನವೆಲ್ಲ ಹಳ್ಳಗಳಿಗೆ ಮೋರಿ ಕಟ್ಟಿಸಿದವನು. ತಾನು ಕಟ್ಟಿಸಿದ್ದು ಒಂದೂ ಬಿದ್ದಿಲ್ಲ ಎಂಬುದು ಅವನ ಬದುಕಿನ ಏಕೈಕ ಜಂಬ. ಊಟದ ನಡುವೆ, ಮದುವೆಗಳಲ್ಲಿ, ಸಾವಿನ ಮನೆಗಳಲ್ಲಿ ಕೂಡ ಅದನ್ನು ಹೇಳುತ್ತಿದ್ದ. ಅಂಥವನಿಗೆ ಮೋಟಾರಿನ ಕ್ಯಾರಿಯರ್ ಎಂದರೆ ಏನು? ಅದೂ ಒಂದು ಮೋರಿಯೇ, ಕೆಳಗೆ ನೀರಿನ ಬದಲು ನಾವು ಹರಿಯುತ್ತೇವೆ, ಅಷ್ಟೇ.

ಆಗ ಕಬ್ಬಿಣ ಸುಲಭಕ್ಕೆ ಸಿಗುತ್ತಿರಲಿಲ್ಲ. ಇದ್ದದ್ದೆಲ್ಲ ತುಂಗಭದ್ರೆಯ ಅಣೆಕಟ್ಟೆಗೆ ಹೋಗುತ್ತದೆ ಎಂದು ಅಂಗಡಿಯವರು ಕೈ ಅಲ್ಲಾಡಿಸುತ್ತಿದ್ದರು. ಅಪ್ಪ ಮಿಲಿಟರಿಯವರ ಹರಾಜಿನಲ್ಲಿ ಸೇತುವೆಗೆ ಹೊಂದುವಂಥ ದಪ್ಪ ಕಬ್ಬಿಣದ ಮೂಲೆಪಟ್ಟಿಗಳನ್ನು ಹಿಡಿದು ತಂದ. ಕೌಲ್ ಬಜಾರಿನ ಒಬ್ಬ ಕಮ್ಮಾರನನ್ನು ಗೊತ್ತು ಮಾಡಿದ. ಆತ ಹುಟ್ಟಿದಾರಭ್ಯ ಬಂಗಲೆಗಳಿಗೆ ಗೇಟು ಮಾಡಿದವನು; ಗೇಟು ಬಿಟ್ಟು ಬೇರೆ ಏನನ್ನು ಮಾಡಿದರೂ ಅದು ಕೊನೆಗೆ ಗೇಟೇ ಆಗುತ್ತಿತ್ತು. ಅಪ್ಪನಿಗೂ ಅವನಿಗೂ ನೋಡಿದ ಕೂಡಲೇ ಒಬ್ಬರನ್ನು ಕಂಡರೆ ಒಬ್ಬರಿಗೆ ಪ್ರಾಣವಾಯಿತು.

“ಇದರ ಮ್ಯಾಲೆ ಆನಿ ನಿಲ್ಸಿದ್ರೂ ಬಗ್ಗಂಗಿಲ್ಲ ಸಾಬ್” ಎಂದನಂತೆ ಕಮ್ಮಾರ.

“ಮರಿಯೋ, ದೊಡ್ಡದೋ?” ಎಂದು ಅಪ್ಪ ಕೇಳಿದನಂತೆ.

ದೊಡ್ಡದೇ ಎಂದು ಇಬ್ಬರೂ ನಿಶ್ಚಯಿಸಿ, ಪಟ್ಟಿಗಳನ್ನು ಜೋಡಿ ಮಾಡಿದರು. ಇಬ್ಬರಲ್ಲಿ ಯಾರೂ ತೊಟ್ಟಿಲಿನ ತೂಕ ಕೇಳಲಿಲ್ಲ.

ತಿಂಗಳುಗಳು ಹೋದವು. ಐದನೇ ತಿಂಗಳಲ್ಲಿ ಬಾಣಂತಿಯನ್ನು ಕಳಿಸುವುದು ವಾಡಿಕೆ. ಆಗ ನಮ್ಮ ಕ್ಯಾರಿಯರಿಗೆ ಇನ್ನೂ ಕಾಲು ಮೂಡುತ್ತಿದ್ದವು. ಆಮೇಲೆ ಕೆಂಪು ಬಣ್ಣ, ಅದು ಒಣಗಿದ ಮೇಲೆ ಹಸಿರು, ಹಸಿರು ಹಸಿಯಿದ್ದಾಗ ಬಳ್ಳಾರಿಯ ಧೂಳು ಕೂತು ಮತ್ತೆ ಕೆರೆದು ಮತ್ತೆ ಹಸಿರು. ಸಿರುಗುಪ್ಪದಿಂದ ಮೊದಮೊದಲು “ಯಾವಾಗ ಕಳಸ್ತೀರಿ?” ಎಂದು ಹೇಳಿಕಳಿಸುತ್ತಿದ್ದರು. “ಕ್ಯಾರಿಯರ್ ಆಗಾಕತ್ತೈತಿ” ಎಂದು ಅಪ್ಪ ಉತ್ತರ ಕಳಿಸುತ್ತಿದ್ದ. ಕೊನೆಕೊನೆಗೆ ಅವರು ಕೇಳುವುದನ್ನೇ ಬಿಟ್ಟರು. ಅವ್ವ ಅದನ್ನು ಗೆಲುವು ಎಂದು ತಿಳಿದಳು. ಮೊಮ್ಮಗಳು ಬಂದರೆಷ್ಟು, ಬಿಟ್ಟರೆಷ್ಟು ಎಂದು ಕೈಬಿಟ್ಟರೋ ಏನೋ ಎಂದು ನನಗೆ ಮಾತ್ರ ಹೆದರಿಕೆಯಾಗಿತ್ತು. ಅಷ್ಟರಲ್ಲಿ, ತೊಟ್ಟಿಲಲ್ಲಿ ಮಲಗಬೇಕಾದವಳು ತೊಟ್ಟಿಲಿನ ಪಟ್ಟಿ ಹಿಡಿದು ಎದ್ದು ನಿಲ್ಲಲು ನೋಡುತ್ತಿದ್ದಳು.

ಅಂತೂ ಕ್ಯಾರಿಯರ್ ಮನೆಗೆ ಬಂತು. ಬಂಡಿಯಲ್ಲಿ ಬಂತು, ಗಂಡಸರು ಹೊತ್ತು ಇಳಿಸಿದರು. ನೋಡಿದರೆ ಅಡ್ಡ ಮಲಗಿಸಿದ ಗೇಟು. ಸುತ್ತಲೂ ಈಟಿಯ ಮೊನೆಗಳು ಬೇರೆ. ಅವಿಲ್ಲದೆ ಕಮ್ಮಾರನಿಗೆ ಕೆಲಸ ಮುಗಿಯಿತು ಅನ್ನಿಸುತ್ತಿರಲಿಲ್ಲ. ಬಳ್ಳಾರಿ ಯಾರ ಪಾಲಿಗೆ ಸೇರಬೇಕೆಂದು ಅಪ್ಪನೊಂದಿಗೆ ದಿನಾ ಜಗಳವಾಡುತ್ತಿದ್ದ ಪಕ್ಕದ ಮನೆಯ ತೆಲುಗಿನವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಬಳ್ಳಾರಿ ಆಂಧ್ರಕ್ಕ ಹೋಗತೈತೋ ಮೈಸೂರಿಗೆ ಹೋಗತೈತೋ ನಾ ಹೇಳಾಕಾಗಲ್ಲ ಸಾರ್. ನಿಮ್ಮ ಮೋಟಾರ್ ಮಾತ್ರ ಎಲ್ಲಿಗೂ ಹೋಗಂಗಿಲ್ಲ” ಎಂದರು. ಅಪ್ಪ ಅದನ್ನು ರಾಜಕೀಯ ಎಂದು ತಳ್ಳಿಹಾಕಿದ.

ಅಪ್ಪ ಪರೀಕ್ಷೆ ಮಾಡದೆ ಏನನ್ನೂ ಬಿಡುವವನಲ್ಲ. ಕ್ಯಾರಿಯರನ್ನು ಅಂಗಳದಲ್ಲಿ ನಾಲ್ಕು ಕಲ್ಲಿನ ಮೇಲೆ ನಿಲ್ಲಿಸಿ, ಮೇಲೆ ಮರಳಿನ ಚೀಲ ಹೇರಿಸಿ, ಅದರ ಮೇಲೆ ತಾನೂ ಹತ್ತಿ ಕೂತ. ಕ್ಯಾರಿಯರ್ ಕೂದಲೆಳೆಯಷ್ಟೂ ಬಗ್ಗಲಿಲ್ಲ. ಕ್ಯಾರಿಯರ್ ಪಾಸಾಯಿತು. ಮೋಟಾರನ್ನು ಯಾರೂ ಪರೀಕ್ಷೆಗೆ ಕೂರಿಸಲಿಲ್ಲ.

ಹೊರಡುವ ದಿನ ಕ್ಯಾರಿಯರನ್ನು ಮೋಟಾರಿನ ನೆತ್ತಿಯ ಮರದ ಚೌಕಟ್ಟಿನ ಮೇಲೆ ಕೂರಿಸಿ, ಅದಕ್ಕೆ ತೊಟ್ಟಿಲಿನ ಕಟ್ಟನ್ನು ಹಗ್ಗದಿಂದ ಬಿಗಿದರು. ತೂಗುವ ತೊಟ್ಟಿಲಿಗೂ ಹಗ್ಗ ಹಾಕಲು ಹೋದಾಗ ಅವ್ವ ಹೌಹಾರಿದಳು. “ಕೂಸು ಮಲಗೋದಕ್ಕ ಹಗ್ಗ ಬಿಗೀತಾರೇನ್ರಿ? ಹಗ್ಗ ಬಿಗಿಯೋದು ಯಾವುದಕ್ಕ ಅಂತ ಗೊತ್ತಿಲ್ಲೇನು?” ಗೊತ್ತಿತ್ತು, ಚಟ್ಟಕ್ಕೆ. ಎಲ್ಲರೂ ಕೈ ಹಿಂದೆ ತೆಗೆದುಕೊಂಡರು. ಹಾಗಾಗಿ ಕಟ್ಟು ಗಟ್ಟಿಯಾಗಿ ನಿಂತಿತು, ತೊಟ್ಟಿಲು ಮಾತ್ರ ಗಾಳಿಗೆ ಬಿಟ್ಟದ್ದು. ಅಪ್ಪ ಸ್ಟಿಯರಿಂಗ್ ಹಿಡಿದ, ಪಕ್ಕದಲ್ಲಿ ಅವ್ವ, ಹಿಂದೆ ನಾನು ಮತ್ತು ಮಗಳು. ಮೋಟಾರು ಒಮ್ಮೆ ನರಳಿ ಮುಂದಕ್ಕೆ ಹೋಯಿತು.

ಬರೀ ತೊಟ್ಟಿಲು ತೂಗಬಾರದು; ತೂಗಿದರೆ ಕೂಸಿಗೆ ಕೇಡು ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದರು. ಕುರುಗೋಡಿನ ದಾರಿಯ ಪ್ರತಿ ಹಳ್ಳಿಯಲ್ಲೂ ಕಟ್ಟೆಯ ಮೇಲಿನ ಮುದುಕಿಯರು ಎದ್ದುನಿಂತು, “ಏ, ತೊಟ್ಟಲಾ ನಿಲ್ಲಸ್ರಲೇ!” ಎಂದು ಕೂಗಿದರು. ಅಪ್ಪ ಇದು ತನಗೆ ಸಿಗುತ್ತಿರುವ ಮೆಚ್ಚುಗೆ ಎಂದು ತಿಳಿದು ಹಾರ್ನ್ ಒತ್ತಿದ.

ಕುರುಗೋಡಿನಲ್ಲಿ ನನ್ನ ದೊಡ್ಡವ್ವನ ಮನೆ, ಅಂದರೆ ಅವ್ವನ ಅಕ್ಕನದು. ಆ ಮನೆಗೆ ಹೋಗದೆ ಊರು ದಾಟುವಂತಿರಲಿಲ್ಲ. ನಾವು ಇಳಿಯುವ ಮೊದಲೇ ದೊಡ್ಡವ್ವ ಎದೆ ಬಡಿದುಕೊಂಡಳು.

“ಖಾಲಿ ತೊಟ್ಟಲಾ ತೂಗಿಸ್ಕೊಂತ ಊರೂರು ಹೊಂಟೀರೇನು? ಬುದ್ಧಿ ಐತೋ ಇಲ್ಲೋ?”

“ಮತ್ತೇನು ಮಾಡಬೇಕಕ್ಕ? ಹಗ್ಗ ಬಿಗಿಯಂಗಿಲ್ಲ” ಎಂದಳು ಅವ್ವ.

ದೊಡ್ಡವ್ವನಿಗೆ ಉತ್ತರ ಸಿದ್ಧವಾಗಿತ್ತು. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಹಾಕುವುದು ಒರಳಿನ ಗುಂಡುಕಲ್ಲನ್ನು ತಾನೆ? ಅದನ್ನೇ ಹಾಕಿದರೆ ತೊಟ್ಟಿಲು ಖಾಲಿಯಲ್ಲ. ಕುರುಗೋಡು ಕಲ್ಲಿನ ಊರು. ದೊಡ್ಡವ್ವನ ಒರಳೂ ಊರಿಗೆ ತಕ್ಕದ್ದು. ಇಬ್ಬರು ಆಳುಗಳು ಆ ಗುಂಡನ್ನು ಎತ್ತಿ ತಂದರು. ದೊಡ್ಡವ್ವ ಅದಕ್ಕೆ ವಿಭೂತಿ ಹಚ್ಚಿ, ಕೂಸಿನ ಕುಲಾವಿ ಟೊಪ್ಪಿಗೆ ಹಾಕಿ, ದುಪ್ಪಟಿ ಹೊದಿಸಿ ಮಲಗಿಸಿದಳು. ಅಪ್ಪ ಕ್ಯಾರಿಯರಿನ ಕೆಳಗೆ ಬಗ್ಗಿ ನೋಡಿ, “ಏನೂ ಆಗಿಲ್ಲ” ಎಂದ. ನಿಜ, ಕ್ಯಾರಿಯರಿಗೆ ಏನೂ ಆಗಿರಲಿಲ್ಲ.

ಮೋಟಾರಿನ ಕಥೆ ಬೇರೆ. ಊರು ಬಿಟ್ಟು ಬಂಡಿಜಾಡಿನ ರಸ್ತೆಗೆ ಬಿದ್ದಮೇಲೆ ನೆತ್ತಿ ಮೆಲ್ಲಗೆ ಇಳಿಯತೊಡಗಿತು. ಮೊದಲು ಅಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಅವ್ವ ಬಗ್ಗಿ ಕೂತಳು. ನಾನು ಮಗಳನ್ನು ಮಡಿಲಿಗೆ ಒತ್ತಿ ಮುದುರಿಕೊಂಡೆ. ರಾಹುಕಾಲಕ್ಕೆ ಮೊದಲು ಮುಟ್ಟಬೇಕಾದ್ದರಿಂದ ನಿಲ್ಲಿಸುವ ಹಾಗಿರಲಿಲ್ಲ. “ನೆತ್ತಿ ಇಳ್ಯಾಕತ್ತೈತಿ ರೀ” ಎಂದು ಅವ್ವ ಅಂದಾಗಲೆಲ್ಲ ಅಪ್ಪ, “ಕ್ಯಾರಿಯರ್ ಗಟ್ಟಿ ಐತಿ, ಸುಮ್ನ ಕುಂದ್ರು” ಎಂದು ಗದರಿಸುತ್ತಿದ್ದ. ಹೊರಗೆ ಸಿರುಗುಪ್ಪದ ಬಜಾರು ಬಂತು. ಅವ್ವ ಇಷ್ಟು ತಿಂಗಳು ಕಾದದ್ದು ಇದಕ್ಕೇ. ಅಕ್ಕಿಯ ಅಂಗಡಿಗಳವರು, ಸಂತೆಗೆ ಬಂದವರು ಎಲ್ಲರೂ ನೋಡಿದರಂತೆ. ಅವ್ವನಿಗೆ ಮಾತ್ರ ತನ್ನ ಮೊಣಕಾಲು ಬಿಟ್ಟು ಏನೂ ಕಾಣಲಿಲ್ಲ.

ಅತ್ತೆಯವರ ಬಾಗಿಲಲ್ಲಿ ಮೋಟಾರು ನಿಂತಿತು. ಬಾಗಿಲು ತೆಗೆಯಲು ಹೋದರೆ ಬರಲಿಲ್ಲ. ಚೌಕಟ್ಟು ಕುಸಿದು ನಾಲ್ಕೂ ಬಾಗಿಲು ಕಚ್ಚಿಕೊಂಡಿದ್ದವು. ಅಪ್ಪ ಭುಜ ಕೊಟ್ಟು ಗುದ್ದಿದ. ಮಟಮಟ ಮಧ್ಯಾಹ್ನ, ಒಳಗೆ ಕಾದ ತಗಡು, ಮಗಳು ಬಾಯಿ ಬಿಟ್ಟು ಅಳುತ್ತಿದ್ದಳು. ಓಣಿಯೆಲ್ಲ ನೆರೆಯಿತು. ಜನ ಮೊದಲು ನೋಡಿದ್ದು ಮೇಲಿನ ಕುಲಾವಿ ತೊಟ್ಟ ಕಲ್ಲನ್ನು, ಆಮೇಲೆ ನಮ್ಮನ್ನು.

ಆಗ ಅತ್ತೆ ಹೊಸ್ತಿಲಿಳಿದು ಬಂದರು. ಕೈಯಲ್ಲಿ ಆರತಿತಟ್ಟೆ ಇರಲಿಲ್ಲ. ನಾನು ಮಗಳನ್ನು ಇನ್ನಷ್ಟು ಅವುಚಿಕೊಂಡೆ. ಅವರು ಕ್ಯಾರಿಯರನ್ನಾಗಲೀ ತೊಟ್ಟಿಲನ್ನಾಗಲೀ ನೋಡದೆ ನೇರ ಕಿಟಕಿಗೆ ಬಂದು ಎರಡೂ ಕೈ ಚಾಚಿ, “ಕೂಸಿನ್ನ ಕೊಡು” ಎಂದರು. ಕೊಟ್ಟೆ. ಬೇರೆ ದಾರಿ ಏನಿತ್ತು?

“ಒಳಗ ಕರ್ಕೊಂಡು ಹೋಗವಾ, ಬಿಸಲು ಐತಿ” ಎಂದು ನೆರೆಮನೆಯವಳೊಬ್ಬಳು ಹೇಳಿದಳು.

“ಮೊದಲ್ನೇ ಸಲ ತಾಯಿ ಬಿಟ್ಟು ಕೂಸು ಹೊಸ್ತಿಲಾ ದಾಟಬಾರದು. ಈಕಿ ಅವ್ವ ಹೊರಗ ಬರ್ಲಿ” ಎಂದು ಅತ್ತೆ ಅಲ್ಲೇ ನಿಂತರು.

ಬಡಿಗನನ್ನು ಕರೆಯಲು ಜನ ಓಡಿದರು. ಅತ್ತೆ ಮಗಳನ್ನು ಯಾರ ಕೈಗೂ ಕೊಡಲಿಲ್ಲ. ನನ್ನ ಗಂಡ ಕೊಡೆ ತಂದು ಅವರಿಗೆ ನೆರಳು ಹಿಡಿದ; ಹಿರಿಯರ ಎದುರಿಗೆ ಹೆಂಡತಿಯ ಕಡೆ ನೋಡಬಾರದಲ್ಲ, ಆದ್ದರಿಂದ ನಾನು ಬೇಯುತ್ತಿರುವುದು ಅವನಿಗೆ ಕಾಣಲಿಲ್ಲ. ಬಡಿಗ ಬಾಗಿಲಿನ ಚೌಕಟ್ಟು ಕೊಯ್ದು ನನ್ನನ್ನು ಎಳೆದು ತೆಗೆಯುವಷ್ಟರಲ್ಲಿ ಮಗಳು ಅಳು ನಿಲ್ಲಿಸಿ ಅತ್ತೆಯ ಮೂಗುತಿಗೆ ಕೈ ಹಾಕಿದ್ದಳು, ಅವರ ಬೆರಳನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು.

ನಾನು ಸೀರೆ ಸರಿಮಾಡಿಕೊಂಡು ಬಗ್ಗಿ ಅತ್ತೆಯವರ ಕಾಲಿಗೆರಗಿದೆ. ಅಪ್ಪ ಕಿಟಕಿಯೊಳಗಿಂದಲೇ ಅವರಿಗೆ, “ಬೀಗರ, ಕ್ಯಾರಿಯರ್ ಮಾತ್ರ ಇಷ್ಟೂ ಬಗ್ಗಿಲ್ಲ ನೋಡ್ರಿ” ಎಂದ.

ಅತ್ತೆ ಬೆರಳು ಹೊರಗೆ ತೆಗೆದು ನೋಡಿದರು.

“ಹಲ್ಲು ಬಂದುಬಿಟ್ಟಾವ ಈಕಿಗೆ. ಕರೀದ ಬೀಗರ ಮನಿಗೆ ಬರಂಗಿಲ್ಲಂತ ದಿನಾ ಬಸ್ ಬರೋ ಹೊತ್ತಿಗೆ ಬಾಗಲಾಗ ಕುಂತು ಕಾದೀನಿ. ಈಕಿ ಬೋಳು ಬಾಯೀಲೆ ನಕ್ಕಿದ್ದನ್ನ ನಾ ಇನ್ನ ಎಲ್ಲಿ ನೋಡ್ಲಿ, ಬೀಗರ?”

ತಾನು ಕಟ್ಟಿಸಿದ್ದು ಒಂದೂ ಬಿದ್ದಿಲ್ಲ ಎನ್ನುವ ಅಪ್ಪ ಕಿಟಕಿಯಿಂದ ಮುಖ ಒಳಗೆಳೆದುಕೊಂಡ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಆರತಿ ತರಲು ಹಿರಿಯ ಸೊಸೆಯನ್ನು ಕೂಗಿದರು.