ಮೊಣಕಾಲು ನೋಡಿ ನುಡಿಸುವವರು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಮೂರನೆಯ ಮಹಡಿಯ ನೃತ್ಯಶಾಲೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ಅರವತ್ತಮೂರರ ಹೆಂಗಸೊಬ್ಬರು ಎರಡೂ ಅಂಗೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಪಿಯಾನೊ ಮುಂದೆ ಕೂತಿದ್ದಾರೆ. ಬೆರಳು ಬೆಚ್ಚಗಾಗದೆ ಅವರು ಕೀಲಿಮಣೆ ಮುಟ್ಟುವುದಿಲ್ಲ. ಪಿಯಾನೊದ ಒಂದು ಕಾಲಿನಡಿ ಮಡಚಿದ ರಟ್ಟು ಇದೆ. "ಇದಕ್ಕೂ ನನಗೂ ಒಂದೇ ಕಾಯಿಲೆ, ಎಡಗಾಲು" ಎಂದು, ಅವರ ಬಗ್ಗೆ ಬರೆಯಲು ಬಂದ ನನ್ನತ್ತ ತಿರುಗಿ ನಗುತ್ತಾರೆ. ಆರೂವರೆಗೆ ಬ್ಯಾಲೆ ಕಲಿಯುವ ಹದಿನಾಲ್ಕು ಹುಡುಗಿಯರು ಕಣ್ಣುಜ್ಜುತ್ತ ಬಂದು, ಕನ್ನಡಿಯೆದುರಿನ ಮರದ ಸರಳು ಹಿಡಿದು ನಿಲ್ಲುತ್ತಾರೆ.

ಮಕ್ಕಳಿಗೆ ಇವರು ಪಿಯಾನೊ ಅತ್ತೆ. ದಿನಕ್ಕೆ ಐದು ತರಗತಿ, ಮೂವತ್ತೊಂದು ವರ್ಷ. "ಇಷ್ಟು ಜನಕ್ಕೆ ಅತ್ತೆಯಾದೆ, ಜಗಳಕ್ಕೆ ಒಬ್ಬ ಸೊಸೆ ಇಲ್ಲ" ಎನ್ನುತ್ತಾರೆ. ನುಡಿಸುವುದೆಲ್ಲ ಸ್ವಂತ ರಚನೆ, ಇದುವರೆಗೆ ನಾನೂರ ಹನ್ನೆರಡು. ಒಂದೊಂದೂ ಯಾವುದೋ ಮಗುವಿನ ಕುಂದು ತಿದ್ದಲು ಬರೆದದ್ದು. ಹೆಸರುಗಳೂ ಹಾಗೆಯೇ: 'ಆಕಳಿಸುವವಳಿಗೆ', 'ಬೆನ್ನು ಬಗ್ಗಿಸುವ ಅವಳಿಗಳಿಗೆ', 'ಬೀಳ್ತೀನಿ ಅಂತ ಮೊದಲೇ ಅಳುವವಳಿಗೆ'.

ಅವರ ಅಪ್ಪ ಪಿಯಾನೊ ಅಂಗಡಿಯಲ್ಲಿ ಪಾಲಿಶ್ ಹಾಕುತ್ತಿದ್ದರು. "ಅಂಗಡಿ ಬಾಗಿಲು ಹಾಕಿದ ಮೇಲೆ ಅರ್ಧ ಗಂಟೆ ನಂದು. ಒಂದಕ್ಕೆ ಕೈ ಹೊಂದಿಕೊಳ್ತು ಅನ್ನೋಷ್ಟರಲ್ಲಿ ಅದು ಮಾರಾಟ ಆಗಿಬಿಡ್ತಿತ್ತು. ಗಿರಾಕಿ ಬಂದ್ರೆ ಅಪ್ಪನಿಗೆ ಖುಷಿ, ನನಗೆ ಅಳು."

ಇಪ್ಪತ್ತನಾಲ್ಕರಲ್ಲಿ ದೊಡ್ಡ ಸ್ಪರ್ಧೆಯ ಕೊನೆಯ ಸುತ್ತಿಗೆ ಬಂದರು. ನುಡಿಸುತ್ತಿರುವಾಗ ಮುಂದಿನ ಸಾಲಿನ ವೃದ್ಧರೊಬ್ಬರಿಗೆ ಕೆಮ್ಮು ಹತ್ತಿಕೊಂಡಿತು. ಇವರು ಒಂದು ಸ್ವರವನ್ನು ಹಿಡಿದು, ಕೆಮ್ಮು ನಿಲ್ಲುವವರೆಗೆ ಕಾದರು. "ಪಾಪ, ಅವರಿಗೂ ಕೇಳಿಸ್ಲಿ ಅಂತ." ತೀರ್ಪುಗಾರರು ಬರೆದರು: ಕೈ ಚಿನ್ನ, ಲಯ ಮಾತ್ರ ದಾಕ್ಷಿಣ್ಯಕ್ಕೆ ಬೀಳುತ್ತದೆ. ಸಂಗೀತ ಕಚೇರಿಗಳ ಬಾಗಿಲು ಅಲ್ಲಿಗೆ ಮುಚ್ಚಿತು. ಎಂಟು ವರ್ಷ ಹೋಟೆಲೊಂದರಲ್ಲಿ ಚಮಚಗಳ ಸದ್ದಿನ ನಡುವೆ ನುಡಿಸಿ, ಆಮೇಲೆ ಈ ಮೂರನೆಯ ಮಹಡಿ ಹತ್ತಿದರು.

ಅಲ್ಲಿ ಮುಳುವಾದ ದಾಕ್ಷಿಣ್ಯವೇ ಇಲ್ಲಿ ಕೆಲಸಕ್ಕೆ ಬಂತು. "ನಾನು ಕೈ ನೋಡೋದೇ ಇಲ್ಲ, ಮೊಣಕಾಲು ನೋಡ್ತೀನಿ. ಅದು ಎಷ್ಟು ಬಗ್ಗಿತು ಅನ್ನೋದ್ರಲ್ಲೇ ಮಗು ಎಷ್ಟೆತ್ತರ ಹಾರುತ್ತೆ ಅಂತ ಗೊತ್ತಾಗುತ್ತೆ. ಅದು ನೆಲಕ್ಕೆ ಬರೋವರೆಗೂ ಮುಂದಿನ ಸ್ವರ ಬೀಳಬಾರದು."

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ. ಹೋದ ತಿಂಗಳು ಶಾಲೆಯ ವ್ಯವಸ್ಥಾಪಕರು, ಎಲ್ಲವನ್ನೂ ಧ್ವನಿಮುದ್ರಿಸಿಕೊಡಿ, ಇನ್ನು ಸ್ಪೀಕರ್ ಸಾಕು ಎಂದರು. ಸ್ಪೀಕರ್ ಗೆದ್ದರೆ ಅತ್ತೆ ಮನೆಗೆ. ಅತ್ತೆ ಮೂರು ದಿನ ಕೂತು ಅರವತ್ತು ರಚನೆ ನುಡಿಸಿಕೊಟ್ಟರು, ಒಂದು ಸ್ವರವೂ ತಪ್ಪದಂತೆ. "ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಳ್ತೀಯಲ್ಲೇ ಅಂತ ತಂಗಿ ಬೈದಳು. ಬೇಕಂತಲೇ ಕೆಟ್ಟದಾಗಿ ನುಡಿಸಬಹುದಿತ್ತು. ಕೈ ಕೇಳಲಿಲ್ಲ."

ಇವತ್ತು ಅದರ ಪರೀಕ್ಷೆ. ಪಿಯಾನೊದ ಮೇಲೆ ಅಂಗೈಯಗಲದ ಸ್ಪೀಕರ್ ಕೂತಿದೆ. ಅತ್ತೆ ಮುಚ್ಚಳ ಮುಚ್ಚಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡಿದ್ದಾರೆ. ಸರಳು ಹಿಡಿದು ಮಾಡುವ ವ್ಯಾಯಾಮವೆಲ್ಲ ಸುಸೂತ್ರ. ವ್ಯವಸ್ಥಾಪಕರು ತಲೆದೂಗುತ್ತಾರೆ.

ಆಮೇಲೆ ಜಿಗಿತ. ಉದ್ದದ ಹುಡುಗಿ ಇನ್ನೂ ಗಾಳಿಯಲ್ಲಿರುವಾಗಲೇ ಮುಂದಿನ ಸ್ವರ ಬಿದ್ದುಬಿಡುತ್ತದೆ. ಗಿಡ್ಡವಳು ಅದನ್ನು ಹಿಡಿಯಲು ಓಡಿ ಪಕ್ಕದವಳಿಗೆ ಡಿಕ್ಕಿ ಹೊಡೆಯುತ್ತಾಳೆ. ಮತ್ತೊಮ್ಮೆ ಮಾಡಿದರೂ ಅದೇ ರಾಮಾಯಣ. ಮೂರನೆಯ ಸಲ, ಮೊದಲೇ ಅಳುವ ಪುಟ್ಟವಳು ಹಾರುವುದನ್ನೇ ಬಿಟ್ಟು ಅತ್ತೆಯ ಮುಖ ನೋಡುತ್ತ ನಿಂತುಬಿಡುತ್ತಾಳೆ.

ನೃತ್ಯದ ಟೀಚರ್ ಸ್ಪೀಕರ್ ನಿಲ್ಲಿಸುತ್ತಾರೆ. "ಅತ್ತೆ, ನೀವೇ ನುಡಿಸಿ."

ಅತ್ತೆ ಮುಚ್ಚಳ ತೆಗೆಯುತ್ತಾರೆ. ಕತ್ತು ಹೊರಳಿಸಿ ಮೊಣಕಾಲುಗಳ ಸಾಲನ್ನು ನೋಡಿ ಶುರುಮಾಡುತ್ತಾರೆ. ಹದಿನಾಲ್ಕು ಮಕ್ಕಳು ಹಾರುತ್ತಾರೆ, ಹದಿನಾಲ್ವರೂ ಒಂದೇ ಸದ್ದಿನಲ್ಲಿ ನೆಲಕ್ಕಿಳಿಯುತ್ತಾರೆ. ಪುಟ್ಟವಳು ಅಳುವುದನ್ನು ಮರೆತಿದ್ದಾಳೆ. ಸಂಗೀತದಲ್ಲಿ ನಾನು ಅಷ್ಟಕ್ಕಷ್ಟೇ, ಆದರೂ ವ್ಯತ್ಯಾಸ ನನಗೂ ಗೊತ್ತಾಗುತ್ತದೆ.

ವ್ಯವಸ್ಥಾಪಕರು ಸ್ಪೀಕರ್ ಎತ್ತಿಕೊಂಡು ಚೀಲಕ್ಕೆ ಹಾಕುತ್ತಾರೆ. "ನಿಮ್ಮ ಐದೂ ಕ್ಲಾಸು ಹಾಗೇ ಇರ್ಲಿ ಬಿಡಿ" ಎಂದು ಮೆಟ್ಟಿಲಿಳಿಯುತ್ತಾರೆ.

ಗೆದ್ದಿರಲ್ಲ ಅತ್ತೆ, ಎನ್ನುತ್ತೇನೆ. ಅವರು ಕೈಗಳನ್ನು ಮತ್ತೆ ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಾರೆ.

"ಯಾರ ಮೇಲೆ ಗೆಲ್ಲೋದು? ಆ ಡಬ್ಬದೊಳಗಿದ್ದವಳೂ ನಾನೇ ಅಲ್ವಾ! ಚೆನ್ನಾಗೇ ನುಡಿಸಿದಳು, ಒಂದು ತಪ್ಪಿಲ್ಲ. ಪಾಪ, ಅವಳಿಗೆ ಮಕ್ಕಳು ಕಾಣಿಸ್ತಿರಲಿಲ್ಲ."